ಪತ್ತೇದಾರಿ ಕಾದಂಬರಿ: ಎರಡು ಸಲ ಓದಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೇಸಿಗೆ ರಜೆ ಶುರುವಾಯಿತೆಂದರೆ ಗ್ರಂಥಾಲಯದ ಕೌಂಟರಿನ ಮುಂದೆ ಒಂದು ಸಣ್ಣ ಜಗಳ ತಪ್ಪಿದ್ದಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿ "ಮೇಡಂ, ಮರ್ಡರ್ ಇರೋ ಬುಕ್ ಕೊಡಿ" ಅನ್ನುತ್ತಾಳೆ. ಹಿಂದೆ ನಿಂತ ಅವಳ ಅಮ್ಮ "ಅದೆಲ್ಲ ಬೇಡ ಮೇಡಂ, ಏನಾದ್ರೂ ಒಳ್ಳೇದು ಕೊಡಿ" ಅನ್ನುತ್ತಾರೆ. ಆ ಅಮ್ಮ ಈಗ ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡು ಇದನ್ನು ಕೇಳುತ್ತಿರಬಹುದು. ಅವರಿಗೇ ಹೇಳುತ್ತೇನೆ. ಅಮ್ಮಾ, ಕೊಡಿಸಿ, ಓದಲಿ. ನೀವೂ ಓದಿ. ನನ್ನದು ಒಂದೇ ಷರತ್ತು: ಎರಡು ಸಲ ಓದಬೇಕು.

ಮೊದಲ ಸಲ ಓದುವುದು ಕೊಂದವರು ಯಾರೆಂದು ತಿಳಿಯಲಿಕ್ಕೆ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಮಕ್ಕಳು ಊಟ ಬಿಟ್ಟು ಓದುತ್ತಾರೆ. ಎರಡನೇ ಸಲ ಓದುವುದು ಬೇರೆಯದಕ್ಕೆ. ಆ ಮನುಷ್ಯ ಮೂರನೇ ಪುಟದಿಂದಲೂ ನಮ್ಮ ಕಣ್ಣೆದುರೇ ಓಡಾಡಿಕೊಂಡಿದ್ದರೂ ನಮಗೇಕೆ ಕಾಣಲಿಲ್ಲ? ಇದನ್ನು ಹುಡುಕಲಿಕ್ಕೆ. ಒಳ್ಳೆಯ ಪತ್ತೇದಾರಿ ಕಾದಂಬರಿ ಯಾವುದು, ಕಳಪೆ ಯಾವುದು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಕಳಪೆಯದನ್ನು ಎರಡನೇ ಸಲ ಓದಲಾಗುವುದಿಲ್ಲ. ಒಳ್ಳೆಯದಕ್ಕೆ ಎರಡನೇ ಸಲವೇ ರುಚಿ.

ಸರಿ, ಯಾವುದರಿಂದ ಶುರು ಮಾಡೋಣ? ನಮ್ಮ ಶ್ರೀರಂಗಪಟ್ಟಣದಿಂದಲೇ ಮಾಡೋಣ.

ತಮಾಷೆಗೆ ಹೇಳುತ್ತಿಲ್ಲ. ಇಂಗ್ಲಿಷಿನ ಮೊದಮೊದಲ ಪತ್ತೇದಾರಿ ಕಾದಂಬರಿಗಳಲ್ಲಿ ಒಂದಾದ 'ದಿ ಮೂನ್‌ಸ್ಟೋನ್' ಶುರುವಾಗುವುದು ಶ್ರೀರಂಗಪಟ್ಟಣದ ಕೋಟೆಯಲ್ಲಿ. ಬರೆದವರು ವಿಲ್ಕಿ ಕಾಲಿನ್ಸ್, ವರ್ಷ 1868. ಟಿಪ್ಪು ಸುಲ್ತಾನ ಮಡಿದ 1799ರ ಮೇ 4ರ ದಿನ ಇಂಗ್ಲಿಷ್ ಸೈನ್ಯ ಒಳನುಗ್ಗಿ ಲೂಟಿಗೆ ಇಳಿದಿದೆ. ಟಿಪ್ಪುವಿನ ಆಯುಧಾಗಾರದಲ್ಲಿ ಒಂದು ಕಠಾರಿ, ಅದರ ಹಿಡಿಯ ತುದಿಯಲ್ಲಿ ಕೂರಿಸಿದ ಹಳದಿ ವಜ್ರ. ಒಬ್ಬ ಇಂಗ್ಲಿಷ್ ಅಧಿಕಾರಿ ಕಾವಲಿದ್ದವರನ್ನು ಕೊಂದು ಅದನ್ನು ಹೊಡೆದುಕೊಂಡು ಹೋಗುತ್ತಾನೆ. ಯುದ್ಧ, ಲೂಟಿ ನಿಜ. ವಜ್ರ ಕಾದಂಬರಿಕಾರರ ಕಲ್ಪನೆ. ಸುಮಾರು ಐವತ್ತು ವರ್ಷದ ಮೇಲೆ ಆ ವಜ್ರ ಇಂಗ್ಲೆಂಡಿನ ಯಾರ್ಕ್‌ಷೈರಿನ ಒಂದು ದೊಡ್ಡ ಮನೆಯ ಹುಡುಗಿಗೆ ಹದಿನೆಂಟನೇ ಹುಟ್ಟುಹಬ್ಬದ ಉಡುಗೊರೆಯಾಗಿ ಬರುತ್ತದೆ. ಅದೇ ರಾತ್ರಿ ಅವಳ ಕೋಣೆಯಿಂದ ಮಾಯವೂ ಆಗುತ್ತದೆ.

ಯಾರ ಮೇಲೆ ಅನುಮಾನ? ಅದನ್ನು ಕೇಳಲೇಬೇಡಿ. ಊರಿನಲ್ಲಿ ಮೂವರು ಹಿಂದೂಸ್ತಾನಿಗಳು ಓಡಾಡುತ್ತಿದ್ದಾರೆ, ಅವರ ಮೇಲೆ. ಮನೆಯಲ್ಲಿ ಹಿಂದೊಮ್ಮೆ ಕಳ್ಳತನ ಮಾಡಿ ಜೈಲು ಕಂಡ ಕೆಲಸದ ಹುಡುಗಿ ಇದ್ದಾಳೆ, ಅವಳ ಮೇಲೆ. ಕರಿಯರು, ಬಡವರು. ಮೊದಲ ಸಲ ಓದುವಾಗ ನಾವೂ ಅವರನ್ನೇ ನೋಡುತ್ತಿರುತ್ತೇವೆ. ಕಾಲಿನ್ಸ್ ನಮ್ಮನ್ನು ಹಿಡಿಯುವುದೇ ಅಲ್ಲಿ.

ಲಂಡನ್ನಿನಿಂದ ಸಾರ್ಜೆಂಟ್ ಕಫ್ ಎಂಬ ಪತ್ತೇದಾರ ಬರುತ್ತಾನೆ. ಸಣಕಲು ಮನುಷ್ಯ. ಕಳ್ಳರಿಗಿಂತ ಗುಲಾಬಿ ಗಿಡದ ಮೇಲೆ ಹೆಚ್ಚು ಪ್ರೀತಿ. ಹುಡುಗಿಯ ಕೋಣೆಯ ಬಾಗಿಲಿಗೆ ಹೊಸದಾಗಿ ಬಣ್ಣ ಬಳಿದಿದ್ದರು. ಬೀಗದ ಕೈ ತೂರುವ ಜಾಗದ ಕೆಳಗೆ ಬಣ್ಣ ಒಂದಿಷ್ಟು ಸವರಿಹೋಗಿದೆ. ಊರಿನ ಪೊಲೀಸ್ ಅಧಿಕಾರಿ "ಅಯ್ಯೋ, ಅದು ಕೆಲಸದವರ ಲಂಗ ತಾಗಿ ಆದದ್ದು, ಸಣ್ಣ ವಿಷಯ" ಎಂದು ತಳ್ಳಿಹಾಕಿರುತ್ತಾನೆ. ಕಫ್ ಬಿಡುವುದಿಲ್ಲ. ಸಣ್ಣ ವಿಷಯ ಎಂಬುದನ್ನು ತನ್ನ ಇಷ್ಟು ವರ್ಷದ ಅನುಭವದಲ್ಲಿ ಕಂಡೇ ಇಲ್ಲ ಎನ್ನುತ್ತಾನೆ. ಬಣ್ಣ ಬಳಿದದ್ದು ಎಷ್ಟು ಗಂಟೆಗೆ, ಒಣಗಲು ಎಷ್ಟು ಹೊತ್ತು ಬೇಕು, ಬಾಗಿಲನ್ನು ಚೆನ್ನಾಗಿರುವಂತೆ ಕೊನೆಗೆ ಕಂಡವರು ಯಾರು, ಯಾವಾಗ ಎಂದು ಲೆಕ್ಕ ಹಾಕುತ್ತಾನೆ. ಹಾಗಾದರೆ ರಾತ್ರಿ ಆ ಬಾಗಿಲು ದಾಟಿದವರ ಬಟ್ಟೆಗೆ ಬಣ್ಣ ಹತ್ತಿರಲೇಬೇಕು. ಎಲ್ಲಿ ಆ ಬಟ್ಟೆ? ಆಗ ಅವನು ಕೇಳುವುದೇನು ಗೊತ್ತೇ? ಮನೆಯ ಧೋಬಿ ಲೆಕ್ಕದ ಪುಸ್ತಕ. ಪಿಸ್ತೂಲು ಕೇಳುವುದಿಲ್ಲ, ಬೆರಳಚ್ಚು ಕೇಳುವುದಿಲ್ಲ. ಒಗೆಯಲು ಹೋದ ಬಟ್ಟೆಯ ಪಟ್ಟಿ ಕೇಳುತ್ತಾನೆ!

ಈ ಧೋಬಿ ಲೆಕ್ಕ ಕಾಲಿನ್ಸ್ ಅವರ ಸ್ವಂತ ಕಲ್ಪನೆಯಲ್ಲ. ಅದರ ಹಿಂದೆ ನಿಜವಾದ ಒಂದು ಕೊಲೆಯಿದೆ. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುತ್ತಿಲ್ಲ.

1860ರ ಜೂನ್ ಕೊನೆ. ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯ ರೋಡ್ ಹಿಲ್ ಹೌಸ್. ಕಾರ್ಖಾನೆಗಳ ಸರ್ಕಾರಿ ಇನ್ಸ್‌ಪೆಕ್ಟರ್ ಒಬ್ಬರ ಕುಟುಂಬ. ಮೊದಲ ಹೆಂಡತಿ ತೀರಿಕೊಂಡು, ಎರಡನೇ ಹೆಂಡತಿ ಬಂದಿದ್ದಾಳೆ. ಎರಡನೆಯವಳ ಮಗು, ಇನ್ನೂ ನಾಲ್ಕು ತುಂಬದ ಹುಡುಗ, ರಾತ್ರಿ ತೊಟ್ಟಿಲ ಮಂಚದಲ್ಲಿ ಮಲಗಿದವನು ಬೆಳಗಾಗುವಷ್ಟರಲ್ಲಿ ಇಲ್ಲ. ಹುಡುಕಿದರೆ, ಮನೆಯಾಚೆ ಕೆಲಸದವರ ಕಕ್ಕಸಿನಲ್ಲಿ ಕತ್ತು ಕೊಯ್ದ ಸ್ಥಿತಿಯಲ್ಲಿ ಸಿಕ್ಕ. ಮನೆ ಹೊರಗಿನಿಂದ ಒಡೆದ ಗುರುತಿಲ್ಲ. ಒಳಗಿನವರೇ ಮಾಡಿದ ಕೆಲಸ. ಊರವರು, ಪೊಲೀಸರು ಎಲ್ಲರೂ ಮಗು ನೋಡಿಕೊಳ್ಳುತ್ತಿದ್ದ ದಾದಿಯ ಮೇಲೆ ಬಿದ್ದರು. ಮತ್ತೆ ಅದೇ, ಸಿಕ್ಕಿದ್ದು ಕೆಲಸದವಳು.

ಲಂಡನ್ ಪೊಲೀಸರ ಮುಖ್ಯ ಕಚೇರಿಯಾದ ಸ್ಕಾಟ್ಲೆಂಡ್ ಯಾರ್ಡಿನಿಂದ ಪತ್ತೇದಾರ ಜೊನಾಥನ್ ವಿಚರ್ ಬಂದರು. 1842ರಲ್ಲಿ ಲಂಡನ್ ಪೊಲೀಸರು ಪತ್ತೇದಾರಿ ವಿಭಾಗ ಶುರು ಮಾಡಿದಾಗ ಅದಕ್ಕೆ ಸೇರಿದ ಮೊದಲ ಎಂಟು ಜನರಲ್ಲಿ ಒಬ್ಬರು. ಅವರು ಕೆದಕಿದ್ದು ಬಟ್ಟೆಯ ಲೆಕ್ಕ. ಮೊದಲ ಹೆಂಡತಿಯ ಮಗಳು, ಹದಿನಾರರ ಕಾನ್‌ಸ್ಟನ್ಸ್, ಅವಳಿಗೆ ಇದ್ದದ್ದು ಮೂರು ನೈಟ್‌ಗೌನ್. ಕೊಲೆಯಾದ ಮೇಲೆ ಎರಡೇ ಉಳಿದಿವೆ. ಮೂರನೆಯದು ಒಗೆಯಲು ಹಾಕಿದ ಬುಟ್ಟಿಯಲ್ಲಿ ಕಳೆದುಹೋಯಿತು ಎನ್ನುತ್ತಾರೆ ಮನೆಯವರು. ನಮ್ಮ ಬುಟ್ಟಿಯಲ್ಲಿ ಅದು ಇರಲೇ ಇಲ್ಲ ಎನ್ನುತ್ತಾಳೆ ಬಟ್ಟೆ ಒಗೆಯುವವಳು. ವಿಚರ್‌ಗೆ ಅಷ್ಟು ಸಾಕಾಯಿತು. ಆ ಹುಡುಗಿಯನ್ನು ಬಂಧಿಸಿದರು.

ಆಮೇಲೆ ಆದದ್ದನ್ನು ಕೇಳಿ. ಇಡೀ ಇಂಗ್ಲೆಂಡ್ ವಿಚರ್ ಮೇಲೆ ತಿರುಗಿಬಿತ್ತು. ಸಭ್ಯಸ್ಥರ ಮನೆಯ ಹುಡುಗಿಯ ನೈಟ್‌ಗೌನಿನ ವಿಷಯವನ್ನು ಒಬ್ಬ ಪೊಲೀಸಿನವನು, ಅದೂ ಸಾಮಾನ್ಯ ಮನೆತನದವನು, ಕೋರ್ಟಿನಲ್ಲಿ ಮಾತಾಡುವುದೇ? ಹುಡುಗಿಯನ್ನು ಬಿಟ್ಟುಬಿಟ್ಟರು. ವಿಚರ್ ಮಾನ ಹರಾಜಾಯಿತು. ಆರೋಗ್ಯವೂ ಕೆಟ್ಟು 1864ರಲ್ಲಿ ಕೆಲಸ ಬಿಟ್ಟರು. ಮರುವರ್ಷ, 1865ರಲ್ಲಿ, ಕಾನ್‌ಸ್ಟನ್ಸ್ ತಾನಾಗಿಯೇ ಬಂದು ಕೊಂದವಳು ನಾನೇ ಎಂದು ಒಪ್ಪಿಕೊಂಡಳು. ಮೊದಲು ಮರಣದಂಡನೆ, ಅದು ಜೀವಾವಧಿಯಾಗಿ, ಇಪ್ಪತ್ತು ವರ್ಷ ಜೈಲಿನಲ್ಲಿದ್ದು 1885ರಲ್ಲಿ ಹೊರಬಂದಳು. ಆಸ್ಟ್ರೇಲಿಯಾಕ್ಕೆ ಹೋಗಿ, ಹೆಸರು ಬದಲಿಸಿಕೊಂಡು, ನರ್ಸ್ ಆಗಿ ರೋಗಿಗಳ ಸೇವೆ ಮಾಡುತ್ತ ನೂರು ವರ್ಷ ಬದುಕಿದಳು. 1944ರಲ್ಲಿ ತೀರಿಕೊಂಡಳು. ಈ ಪ್ರಕರಣದ ಮೇಲೆ ಕೇಟ್ ಸಮರ್‌ಸ್ಕೇಲ್ 2008ರಲ್ಲಿ 'ದಿ ಸಸ್ಪಿಷನ್ಸ್ ಆಫ್ ಮಿಸ್ಟರ್ ವಿಚರ್' ಎಂಬ ಪುಸ್ತಕ ಬರೆದಿದ್ದಾರೆ. ಕಾದಂಬರಿಯಲ್ಲ, ನಡೆದದ್ದು. ದೊಡ್ಡವರು ಓದಬೇಕು.

ಇಷ್ಟು ಉದ್ದಕ್ಕೆ ಏಕೆ ಹೇಳಿದೆ ಅಂದರೆ, ಆ ನೈಟ್‌ಗೌನ್ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಓದಿದವರು ಒಂದೇ ಸಲ ಓದಿದರು, ಮನೆತನ ನೋಡಿದರು, ಮುಂದೆ ಹೋದರು. ಅದಕ್ಕೇ ಅಮ್ಮಾ, ಎರಡು ಸಲ ಓದಿ ಎನ್ನುವುದು.

ನನ್ನ ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಇಂಗ್ಲೆಂಡಿಗೇ ಹೋಯಿತು. ಕನ್ನಡಕ್ಕೆ ಬರುತ್ತೇನೆ.

"ಪತ್ತೇದಾರಿ ಎಂದರೆ ಸಾಹಿತ್ಯವಲ್ಲ" ಎಂದು ಮೂಗು ಮುರಿಯುವವರು ಈಗಲೂ ಇದ್ದಾರೆ. ಅವರ ಹತ್ತಿರ ವಾದಕ್ಕೆ ನಿಲ್ಲಲು ನನಗೆ ಪುರಸೊತ್ತಿಲ್ಲ. ಎರಡು ಹೆಸರು ಹೇಳುತ್ತೇನೆ, ಸಾಕು. ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ನೂರಾರು ಕಾದಂಬರಿ ಬರೆದು, ಪುಸ್ತಕ ಮುಟ್ಟದವರ ಕೈಗೂ ಕನ್ನಡ ಪುಸ್ತಕ ಕೊಟ್ಟರು. ಇನ್ನೊಬ್ಬರು ಮ. ರಾಮಮೂರ್ತಿ. ರಾಜ್ಯೋತ್ಸವದ ದಿನ ನಾವು ಹಾರಿಸುವ ಅರಿಸಿನ ಕುಂಕುಮದ ಬಾವುಟವನ್ನು ರೂಪಿಸಿದವರು. ಅವರೂ ಪತ್ತೇದಾರಿ ಕಾದಂಬರಿ ಬರೆದವರೇ. ಬಾವುಟಕ್ಕೆ ಕೈ ಮುಗಿಯುತ್ತೀರಿ, ಪುಸ್ತಕಕ್ಕೆ ಮೂಗು ಮುರಿಯುತ್ತೀರಿ!

ಮನೆಯಲ್ಲಿ ಹೈಸ್ಕೂಲು ಓದುವ ಮಕ್ಕಳಿದ್ದರೆ ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' ಕೊಡಿ. ಏಲಕ್ಕಿ ಬೆಳೆಯುವ ಗಂಡ ಹೆಂಡತಿ ಸುರೇಶ, ಗೌರಿ. ಒಂದು ಹಳೆಯ ಹಸ್ತಪ್ರತಿ, ಅದರಲ್ಲಿ ಅಡಗಿದ ಗುಟ್ಟು, ಹಿಂದೆ ಬಿದ್ದ ದುಷ್ಟರು, ಪಶ್ಚಿಮಘಟ್ಟದ ಕಾಡು. ಕೈಗೆ ತೆಗೆದುಕೊಂಡರೆ ಕೆಳಗಿಡುವಂತಿಲ್ಲ. ಅದು ಹಿಡಿಸಿದರೆ ಅವರದೇ 'ಚಿದಂಬರ ರಹಸ್ಯ'. ಕೆಸರೂರಿಗೆ ಗುಪ್ತಚರ ಅಧಿಕಾರಿ ಅಂಗಾಡಿ ಬರುತ್ತಾನೆ, ಏಲಕ್ಕಿಯ ವಿಜ್ಞಾನಿಯೊಬ್ಬರ ಸಾವಿನ ಬಗ್ಗೆ ಗುಮಾನಿ. ನಗುನಗುತ್ತ ಓದುತ್ತೀರಿ, ಊರಿಗೆ ಊರೇ ಹೇಗೆ ಕಣ್ಣು ಮುಚ್ಚಿಕೊಂಡಿದೆ ಅನ್ನುವುದು ಎರಡನೇ ಸಲಕ್ಕೆ ತಿಳಿಯುತ್ತದೆ. "ಏನಾದ್ರೂ ಒಳ್ಳೇದು ಕೊಡಿ" ಎನ್ನುವ ಅಮ್ಮಂದಿರ ಗಮನಕ್ಕೆ: ಈ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ.

ದೊಡ್ಡವರಿಗೆ ಯಶವಂತ ಚಿತ್ತಾಲರ 'ಶಿಕಾರಿ', 1979. ಇದನ್ನು ಯಾರೂ ಪತ್ತೇದಾರಿ ಎಂದು ಕರೆಯುವುದಿಲ್ಲ, ನಾನು ಕರೆಯುತ್ತೇನೆ. ಮುಂಬಯಿಯ ದೊಡ್ಡ ಕಂಪನಿಯಲ್ಲಿರುವ ನಾಗಪ್ಪನಿಗೆ ಅಮಾನತಿನ ಕಾಗದ ಬರುತ್ತದೆ. ತಾನು ಮಾಡಿದ ತಪ್ಪೇನೆಂದು ಅವನಿಗೇ ಗೊತ್ತಿಲ್ಲ. ಆಪಾದನೆ ಹೊತ್ತವನೇ ಪತ್ತೇದಾರನೂ ಆಗಬೇಕು. ನಿಧಾನಕ್ಕೆ ಓದಿ, ಸಲೀಸಾದ ಪುಸ್ತಕವಲ್ಲ. ಅಷ್ಟು ದಪ್ಪದ್ದು ಬೇಡವೆಂದರೆ ವಿವೇಕ ಶಾನಭಾಗರ 'ಘಾಚರ್ ಘೋಚರ್'. ಒಂದೇ ಕೂತಿಗೆ ಮುಗಿಯುತ್ತದೆ. ಪೊಲೀಸಿಲ್ಲ, ಪತ್ತೇದಾರನಿಲ್ಲ. ಮುಗಿಸಿದ ತಕ್ಷಣ ನಿಮ್ಮ ಕೈ ತಾನಾಗಿ ಮೊದಲ ಪುಟಕ್ಕೆ ಹೋಗದಿದ್ದರೆ ನನ್ನನ್ನು ಕೇಳಿ.

ಹೊತ್ತಾಗುತ್ತಿದೆ, ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಪೆನ್ನು ಹಿಡಿದಿದ್ದರೆ ಬರೆದುಕೊಳ್ಳಿ. ಹನ್ನೆರಡು ಹದಿಮೂರರ ಮಕ್ಕಳಿಗೆ ಬಂಗಾಳದ ಸತ್ಯಜಿತ್ ರೇ ಅವರ ಪತ್ತೇದಾರ ಫೆಲೂದಾನ ಕತೆಗಳು, ಅದರಲ್ಲೂ 'ಸೋನಾರ್ ಕೆಲ್ಲಾ'. ಹಿಂದಿನ ಜನ್ಮ ನೆನಪಿದೆ ಎನ್ನುವ ಪುಟ್ಟ ಹುಡುಗನ ಬೆನ್ನು ಹತ್ತಿ ರಾಜಸ್ಥಾನಕ್ಕೆ ಹೋಗುವ ಕತೆ, ರಕ್ತಪಾತ ಕಡಿಮೆ. ಅದೇ ಬಂಗಾಳದ ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ್ ಬಕ್ಷಿ ಕತೆಗಳು ಕಾಲೇಜಿನವರಿಗೆ. ಷರ್ಲಾಕ್ ಹೋಮ್ಸ್ ಕನ್ನಡದಲ್ಲೂ ಸಿಗುತ್ತಾನೆ, ಮೊದಲು ಸಣ್ಣಕತೆಗಳನ್ನು ಓದಿ. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡಿದವರು, ಹಾಗಾಗಿ ಅವರ ಪುಸ್ತಕಗಳಲ್ಲಿ ವಿಷಕ್ಕೆ ಬರವಿಲ್ಲ. ಅವರ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್', 1926. ಎರಡು ಸಲ ಓದಲೆಂದೇ ಬರೆದ ಪುಸ್ತಕ ಅದು. ಅದರ ಬಗ್ಗೆ ಇನ್ನೊಂದು ಮಾತು ಆಡಿದರೂ ಗುಟ್ಟು ಬಿಟ್ಟುಕೊಟ್ಟಂತೆ, ಆಡುವುದಿಲ್ಲ. ಜಪಾನಿನ ಕೆಯಿಗೊ ಹಿಗಾಶಿನೊ ಅವರ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್' ದೊಡ್ಡವರಿಗೆ. ಕೊಂದವರು ಯಾರೆಂದು ಅವರು ಮೊದಲ ಅಧ್ಯಾಯದಲ್ಲೇ ಹೇಳಿಬಿಡುತ್ತಾರೆ. ಆದರೂ ಪಕ್ಕದ ಮನೆಯ ಗಣಿತದ ಮೇಷ್ಟ್ರು ಕೊನೆಯವರೆಗೂ ನಮಗೆ ಮಂಕುಬೂದಿ ಎರಚುತ್ತಾನೆ.

ಕೊನೆಗೊಂದು ವಿನಂತಿ, ಸ್ವಲ್ಪ ಸಿಟ್ಟಿನಿಂದಲೇ. ಗ್ರಂಥಾಲಯದ ಪುಸ್ತಕದ ಮೊದಲ ಪುಟದಲ್ಲಿ ಪೆನ್ಸಿಲಿನಿಂದ "ಕೊಂದಿದ್ದು ಡಾಕ್ಟರ್" ಎಂದು ಬರೆದಿಡುವ ಮಹನೀಯರು ಪ್ರತಿ ಊರಿನಲ್ಲೂ ಇದ್ದಾರೆ. ನೀವು ಯಾರೆಂದು ನಮಗೆ ಗೊತ್ತಾಗುತ್ತದೆ, ಕಾರ್ಡಿನಲ್ಲಿ ನಿಮ್ಮ ಹೆಸರಿರುತ್ತದೆ. ದಯವಿಟ್ಟು ನಿಲ್ಲಿಸಿ. ಬರೆಯುವ ಚಪಲ ಅಷ್ಟಿದ್ದರೆ ಹೀಗೆ ಮಾಡಿ: ಕೊನೆಯ ಅಧ್ಯಾಯಕ್ಕೆ ಮೊದಲು ಪುಸ್ತಕ ಮುಚ್ಚಿ, ನಿಮ್ಮ ಅನುಮಾನ ಯಾರ ಮೇಲೆ, ಯಾಕೆ ಎಂದು ಬಸ್ ಟಿಕೆಟ್ಟಿನ ಹಿಂಬದಿಯಲ್ಲಾದರೂ ಗೀಚಿಕೊಳ್ಳಿ. ಎರಡನೇ ಸಲ ಓದುವಾಗ ಅದು ಪಕ್ಕದಲ್ಲಿರಲಿ. ಪುಸ್ತಕ ವಾಪಸ್ ಕೊಡುವ ಮುಂಚೆ ಆ ಟಿಕೆಟ್ ತೆಗೆದುಕೊಂಡು ಹೋಗಿ.

ನಮಸ್ಕಾರ.