ಪುಸ್ತಕ ಮುಚ್ಚಿ, ಅರ್ಥ ಹೇಳಿ

ನಮಸ್ಕಾರ. ಪರೀಕ್ಷೆ ಹತ್ತಿರ ಬಂತು ಅಂದರೆ ನಮ್ಮ ಕಾಸರಗೋಡಿನ ಮನೆಗಳಲ್ಲಿ ಒಂದು ಮಾತು ಕೇಳುತ್ತದೆ. "ನಿನ್ನೆ ರಾತ್ರಿ ಎರಡು ಗಂಟೆವರೆಗೂ ಅವನ ಕೋಣೆಯಲ್ಲಿ ಲೈಟ್ ಇತ್ತು, ಪಾಪ, ಓದುತ್ತಾ ಇದ್ದ." ಆ ಲೈಟನ್ನು ನಂಬಬೇಡಿ ಅಂತ ಹೇಳುವುದಕ್ಕೇ ಇವತ್ತು ಕೂತಿದ್ದೇನೆ.

ನಾನೂ ಹಾಗೆ ಲೈಟ್ ಉರಿಸಿದವನು. ಡಿಗ್ರಿ ಎರಡನೇ ವರ್ಷ, ಅರ್ಥಶಾಸ್ತ್ರದ ಪೇಪರ್. ಮೂರು ರಾತ್ರಿ ಕಟ್ಟನ್ ಚಾಯ, ಅಂದರೆ ಹಾಲು ಹಾಕದ ಚಹಾ, ಕುಡಿದು ಕೂತೆ. ನೋಟ್ಸ್ ಐದು ಸಲ ಓದಿದೆ. ಹಾಲ್‌ನಲ್ಲಿ ಪ್ರಶ್ನೆ ನೋಡಿದಾಗ ಉತ್ತರ ಯಾವ ಪುಟದಲ್ಲಿದೆ ಅಂತ ಗೊತ್ತಾಯಿತು. ಎಡಗಡೆ, ಕೆಳಗೆ. ಆದರೆ ಬರೆಯಲು ಒಂದು ವಾಕ್ಯ ಬರಲಿಲ್ಲ. ಸಪ್ಲಿ, ಅಂದರೆ ಫೇಲಾದವರ ಮರುಪರೀಕ್ಷೆ, ಬರೆಯಬೇಕಾಯಿತು. ಅಮ್ಮನಿಗೆ ಹೇಳಿದ ಆ ಸಂಜೆ ಈಗಲೂ ನೆನಪಾಗುತ್ತದೆ.

ಕಣ್ಣಿಗೆ ಪರಿಚಯ ಆಗುವುದು ಬೇರೆ, ಬಾಯಿಗೆ ಬರುವುದು ಬೇರೆ. ಇದನ್ನು ನಮ್ಮೂರಿನವರಿಗೆ ನಾನು ಹೇಳಿಕೊಡಬೇಕಾ? ಯಕ್ಷಗಾನದ ತಾಳಮದ್ದಳೆ ನೋಡಿದ್ದೀರಲ್ವಾ. ವೇಷವಿಲ್ಲ, ಕುಣಿತವಿಲ್ಲ, ಎದುರಿಗೆ ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ತನ್ನದೇ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಎದುರಿನ ಪಾತ್ರ ಪ್ರಶ್ನೆ ಹಾಕಿದರೆ ಅಲ್ಲೇ ಉತ್ತರ ಕೊಡಬೇಕು. ನಮ್ಮ ನೆಲದವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರು ಆ ಕಲೆಯಲ್ಲಿ ಎಷ್ಟು ದೊಡ್ಡ ಹೆಸರು! ಬಾಯಿಪಾಠ ಮಾಡಿ ಅಂಥ ವಾದ ನಡೆಸಲು ಆಗುವುದಿಲ್ಲ.

ಓದಿಗೂ ಇದೇ ದಾರಿ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಪಾಠವನ್ನು ನಾಲ್ಕು ಅವಧಿ ಬರೀ ಓದಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪು ಮಾಡಿ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಬರೀ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ? ಓದಿದವರಿಗೆ ಸುಮಾರು 40 ಶೇಕಡಾ ನೆನಪಿತ್ತು, ನೆನಪು ಮಾಡಿ ಬರೆದವರಿಗೆ ಸುಮಾರು 61. ತಮಗೆ ಚೆನ್ನಾಗಿ ನೆನಪಿರುತ್ತದೆ ಅಂತ ಜಾಸ್ತಿ ಧೈರ್ಯ ಇದ್ದದ್ದು ಮಾತ್ರ ಬರೀ ಓದಿದವರಿಗೆ. ನನ್ನ ಐದು ಸಲದ ಓದು ನನಗೆ ಕೊಟ್ಟದ್ದೂ ಆ ಧೈರ್ಯವನ್ನೇ.

ಮಂಗಳೂರಿಗೆ ಬೆಳಗ್ಗೆ ಟ್ರೈನಿನಲ್ಲಿ ಹೋಗುವವರು ಹೇಳುತ್ತಾರೆ, "ನಿಲ್ಲಲು ಜಾಗ ಇಲ್ಲ, ಪುಸ್ತಕ ಎಲ್ಲಿ ತೆಗೆಯುವುದು?" ತೆಗೆಯಲೇಬೇಡಿ. ಕುಂಬಳೆಯಿಂದ ಉಪ್ಪಳದವರೆಗೆ ನಿನ್ನೆಯ ಒಂದು ಪಾಠವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಎಲ್ಲಿ ತಡವರಿಸಿದಿರೋ ಅದನ್ನು ನೆನಪಿಟ್ಟು, ಕಾಲೇಜಿಗೆ ಹೋಗಿ ಅಷ್ಟನ್ನು ಮಾತ್ರ ತೆರೆದು ನೋಡಿ. ಅದೇ ಪಾಠವನ್ನು ಮೂರು ದಿನ ಬಿಟ್ಟು ಮತ್ತೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಮನೆಯಲ್ಲಿ ಅಡಿಕೆ ಸುಲಿಯುವಾಗಲೂ ಇದು ಆಗುತ್ತದೆ.

ನಮ್ಮ ಮಕ್ಕಳ ಕಷ್ಟ ಇನ್ನೊಂದಿದೆ. ಹತ್ತನೇ ತನಕ ಕನ್ನಡ ಮಾಧ್ಯಮ. ಡಿಗ್ರಿಯಲ್ಲಿ ಪುಸ್ತಕ ಇಂಗ್ಲಿಷ್, ಕ್ಲಾಸಿನ ವಿವರಣೆ ಎಷ್ಟೋ ಸಲ ಮಲಯಾಳ, ಮನೆಯಲ್ಲಿ ತುಳುವೋ ಹವ್ಯಕವೋ. ಅರ್ಥ ಆಗದ ಇಂಗ್ಲಿಷನ್ನು ಉರು ಹೊಡೆಯುವುದು ಇಲ್ಲಿಂದಲೇ ಶುರು. ಮೊದಲು ಮನೆಮಾತಿನಲ್ಲಿ ಹೇಳಿ. ನಾನು ಸಪ್ಲಿಗೆ ಓದಿದ್ದು ಹಾಗೆ. ಅಕ್ಕಿ ರೇಟು ಏರಿದರೆ ನಾವು ಊಟ ಬಿಡುತ್ತೇವಾ? ಇಲ್ಲ. ಸೇಬಿನ ರೇಟು ಏರಿದರೆ? ಬಾಳೆಹಣ್ಣು ತಂದು ಸುಮ್ಮನಾಗುತ್ತೇವೆ. ರೇಟು ಬದಲಾದಾಗ ನಾವು ಕೊಳ್ಳುವುದು ಎಷ್ಟು ಬದಲಾಗುತ್ತದೆ, ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂದರೆ ಇಷ್ಟೇ. ಇದನ್ನು ಅಜ್ಜಿಗೆ ಹೇಳಿದೆ, ಅವರು ತಲೆಯಾಡಿಸಿದರು. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆದೆ. ಎರಡನೇ ಕೆಲಸ ಬಿಡಬೇಡಿ, ಉತ್ತರಪತ್ರಿಕೆಯಲ್ಲಿ ಬೇಕಾದದ್ದು ಅದು.

ಹೀಗೆ ಓದಿದರೆ ಒಂದು ಗಂಟೆಗೇ ಸುಸ್ತಾಗುತ್ತದೆ. ಆಗಲಿ. ಎದ್ದು ಹೋಗಿ ವಾಲಿಬಾಲ್ ಆಡಿ, ತೋಟಕ್ಕೆ ಒಂದು ಸುತ್ತು ಹಾಕಿ. ಅದನ್ನು ತಪ್ಪು ಅಂದುಕೊಳ್ಳಬೇಡಿ. ನಿದ್ದೆಯನ್ನಂತೂ ಯಾವ ಕಾರಣಕ್ಕೂ ಮಾರಬೇಡಿ. ಹಗಲು ಕಲಿತದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ರಾತ್ರಿ ಹತ್ತಕ್ಕೆ ಕುಡಿದ ಚಾಯದ ಕೆಫೀನ್ ಬೆಳಗಿನ ಜಾವ ಮೂರಕ್ಕೂ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ.

ಕೊನೆಗೆ ಅಪ್ಪ ಅಮ್ಮಂದಿರ ಹತ್ತಿರ ಒಂದು ಬೇಡಿಕೆ. ಬಾಗಿಲ ಸಂದಿಯಲ್ಲಿ ಲೈಟ್ ನೋಡಬೇಡಿ. ಅಡುಗೆಮನೆಯಲ್ಲಿ ಕಾಯಿ ತುರಿಯುವಾಗ ಕರೆದು ಕೂರಿಸಿಕೊಳ್ಳಿ. "ಇವತ್ತು ಏನು ಓದಿದೆ? ನಂಗೂ ಸ್ವಲ್ಪ ಹೇಳು" ಅಂತ ಕೇಳಿ. ನಿಮಗೆ ಪೂರ್ತಿ ಅರ್ಥ ಆಗದಿದ್ದರೂ ಚಿಂತೆ ಇಲ್ಲ, ನಡುನಡುವೆ "ಅದು ಯಾಕೆ ಹಾಗೆ?" ಅಂತ ಒಂದು ಪ್ರಶ್ನೆ ಹಾಕಿ.