ಗಾಜಿನ ಪೆಟ್ಟಿಗೆ, ಬಿಸಿ ದೀಪ

ಕೇಳುಗರಿಗೆ ನಮಸ್ಕಾರ.

ನಾನು ಮುಂಬೈಯಲ್ಲಿ ಮನೆಗಳ ವೈರಿಂಗ್ ಕೆಲಸ ಮಾಡುವವನು. ಡೊಂಬಿವಲಿ, ಮುಲುಂಡ್, ಬೊರಿವಲಿ ಕಡೆಯ ನಮ್ಮ ಕನ್ನಡದ ಮನೆಗಳಿಗೆ ಹೋದಾಗ ಈಚೆಗೆ ಹಾಲಿನ ಮೂಲೆಯಲ್ಲಿ ಒಂದು ಗಾಜಿನ ಪೆಟ್ಟಿಗೆ ಕಾಣುತ್ತದೆ. ಒಳಗೆ ಬಿಯರ್ಡೆಡ್ ಡ್ರ್ಯಾಗನ್ ಎಂಬ ಆಸ್ಟ್ರೇಲಿಯಾದ ಓತಿ ಇರುತ್ತದೆ, ಇಲ್ಲವೇ ಲೆಪರ್ಡ್ ಗೆಕ್ಕೊ ಎಂಬ ಚುಕ್ಕೆಯ ಹಲ್ಲಿ. ಮೇಲೆ ಹೀಟ್ ಲ್ಯಾಂಪ್ ಉರಿಯುತ್ತಿರುತ್ತದೆ. ಇವತ್ತು ಹೇಳಬೇಕೆಂದಿರುವುದು ಆ ದೀಪದ ಬಗ್ಗೆ.

ದೀಪ ಬೇಕೇ ಬೇಕು, ಅದರಲ್ಲಿ ಅನುಮಾನವಿಲ್ಲ. ಈ ಜೀವಿಗಳ ಮೈ ತಾನಾಗಿ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ಹೊರಗಿನ ಬಿಸಿ ಕಾಯಿಸಿಕೊಂಡರೇ ತಿಂದದ್ದು ಅರಗುತ್ತದೆ. ಬಿಯರ್ಡೆಡ್ ಡ್ರ್ಯಾಗನ್ ಕೂರುವ ಕಲ್ಲಿನ ಮೇಲ್ಮೈ 38ರಿಂದ 42 ಡಿಗ್ರಿ ಇರಬೇಕು. ಪೆಟ್ಟಿಗೆಯ ಇನ್ನೊಂದು ತುದಿ 25ರ ಆಸುಪಾಸಿನಲ್ಲಿ ತಂಪಾಗಿರಬೇಕು. ಬಿಸಿ ಸಾಕೆನಿಸಿದಾಗ ಸರಿದುಹೋಗಲು ಅದಕ್ಕೊಂದು ಜಾಗ ಬೇಕಲ್ಲ. ಪೆಟ್ಟಿಗೆ ಚಿಕ್ಕದಾದರೆ ಈ ತಂಪು ತುದಿ ಉಳಿಯುವುದೇ ಇಲ್ಲ. ಪೂರ್ತಿ ಪೆಟ್ಟಿಗೆ ಕಾಯುತ್ತದೆ, ಒಳಗಿರುವ ಜೀವ ಬೇಯುತ್ತದೆ.

ಬಲ್ಬಿನ ಡಬ್ಬದ ಮೇಲೆ ಇಷ್ಟು ವ್ಯಾಟ್, ಇಷ್ಟು ಎತ್ತರ ಎಂದು ಬರೆದಿರುತ್ತಾರೆ. ಅದು ಸಾಮಾನ್ಯವಾಗಿ ಚಳಿದೇಶದ ಕೋಣೆಯನ್ನು ಮನಸ್ಸಿನಲ್ಲಿಟ್ಟು ಬರೆದ ಮಾತು. ಮೇ ತಿಂಗಳ ಮಧ್ಯಾಹ್ನ ಮುಂಬೈಯ ಕೋಣೆಯೇ 33, 34 ಡಿಗ್ರಿಗೆ ಬಂದಿರುತ್ತದೆ. ಅಲ್ಲಿ 100 ವ್ಯಾಟ್ ಹಚ್ಚಿದರೆ ಏನಾದೀತು? ಅದೇ ಪುಣೆಯಲ್ಲಿ ಡಿಸೆಂಬರ್ ರಾತ್ರಿ ಹೊರಗೆ 10 ಡಿಗ್ರಿಗೆ ಇಳಿಯುವುದುಂಟು, ಅಲ್ಲಿನ ಲೆಕ್ಕವೇ ಬೇರೆ. ಆದ್ದರಿಂದ ಡಬ್ಬವನ್ನು ನಂಬಬೇಡಿ, ಥರ್ಮಾಮೀಟರನ್ನು ನಂಬಿ. ಅದನ್ನೂ ಗಾಜಿಗೆ ಅಂಟಿಸಿದರೆ ಉಪಯೋಗವಿಲ್ಲ. ಜೀವಿ ಕೂರುವ ಕಲ್ಲಿನ ಮೇಲೇ ಅಳೆಯಬೇಕು. ದೀಪವನ್ನು ಅರ್ಧದಷ್ಟು ಹತ್ತಿರ ತಂದರೆ ತಾಕುವ ಬಿಸಿ ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟಾಗುತ್ತದೆ. ಎರಡು ಬೆರಳು ಕೆಳಗಿಳಿಸಿದ್ದಕ್ಕೂ ಮತ್ತೆ ಅಳೆಯಿರಿ.

ಈಗ ನನ್ನ ಕೆಲಸದ ಮಾತು. ನಮ್ಮ ಮನೆಗಳ ಹೋಲ್ಡರು ಹೆಚ್ಚಾಗಿ ಪಿನ್ ಬಲ್ಬಿನದು. ಹೀಟ್ ಲ್ಯಾಂಪ್ ಸ್ಕ್ರೂ ಬಲ್ಬು. ಜನ ಏನು ಮಾಡುತ್ತಾರೆಂದರೆ, ಅಗ್ಗದ ಪ್ಲಾಸ್ಟಿಕ್ ಕನ್ವರ್ಟರ್ ತಂದು ಪಿನ್ ಹೋಲ್ಡರಿಗೆ ಸಿಕ್ಕಿಸಿ, ಅದಕ್ಕೆ ಬಲ್ಬು ತಿರುಗಿಸುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಬೆಳಕಿಲ್ಲದೆ ಬರಿಯ ಬಿಸಿ ಕೊಡುವ ಸೆರಾಮಿಕ್ ಹೀಟರಿನ ಮೈ 200 ಡಿಗ್ರಿ ದಾಟುವುದುಂಟು. ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಕನೆಕ್ಷನ್ ಸಡಿಲವಾಗುತ್ತದೆ, ಸಡಿಲವಾದ ಕಡೆ ಕಿಡಿ ಹಾರುತ್ತದೆ. ಲೋಹಾರ್ ಚಾಳಿನ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಕೇಳಿದರೆ ಪಿಂಗಾಣಿಯ ಸ್ಕ್ರೂ ಹೋಲ್ಡರ್ ಸಿಗುತ್ತದೆ, ಬಿಸಿ ತಡೆಯುವ ವೈರೂ ಸಿಗುತ್ತದೆ. ಸ್ಕ್ರೂ ಹೋಲ್ಡರಿನಲ್ಲಿ ಫೇಸ್ ನಡುವಿನ ಬಿಂದುವಿಗೆ ಬರಬೇಕು, ನ್ಯೂಟ್ರಲ್ ಸುತ್ತಲಿನ ಲೋಹದ ತಿರುಪಿಗೆ. ಎರಡು ಪಿನ್ನಿನ ಪ್ಲಗ್ ಹೇಗೆ ಚುಚ್ಚಿದರೂ ಕೂರುವುದರಿಂದ ಇದು ತಿರುವುಮುರುವಾಗುತ್ತದೆ. ಮೂರು ಪಿನ್ನಿನದನ್ನೇ ಹಾಕಿಸಿ. ಲೋಹದ ಶೇಡ್ ಇದ್ದರೆ ಅರ್ಥಿಂಗ್ ಕೂಡ ಬೇಕು.

ಇನ್ನೊಂದು ಧೈರ್ಯ ಜನರಲ್ಲಿದೆ: ಕರೆಂಟು ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್ಚು, ಎಂಸಿಬಿ ಇದೆಯಲ್ಲ, ಏನಾದರೂ ಆದರೆ ಬೀಳುತ್ತದೆ ಎಂದು. 230 ವೋಲ್ಟಿನಲ್ಲಿ 100 ವ್ಯಾಟಿನ ದೀಪ ಎಳೆಯುವುದು ಅರ್ಧ ಆಂಪಿಯರಿಗಿಂತಲೂ ಕಡಿಮೆ. ಗಾಳಿಗೆ ಪರದೆ ಹಾರಿ ಆ ದೀಪದ ಮೇಲೆ ಬಿದ್ದು ಹೊತ್ತಿಕೊಂಡರೂ ಕರೆಂಟಿನಲ್ಲಿ ಬದಲಾವಣೆಯಿಲ್ಲ. ಎಂಸಿಬಿಗೆ ಬೆಂಕಿ ಗೊತ್ತಾಗುವುದಿಲ್ಲ. ಹಾಗಾಗಿ ಈ ದೀಪವನ್ನು ಹೊತ್ತಿಸಿಟ್ಟ ಒಲೆಯಂತೆ ನೋಡಿಕೊಳ್ಳಿ. ಕಿಟಕಿಯ ಪರದೆ, ಪುಸ್ತಕದ ರಾಶಿ, ಒಣಗಲು ಹಾಕಿದ ಬಟ್ಟೆ ಹತ್ತಿರ ಬೇಡ. ಪೆಟ್ಟಿಗೆಯೊಳಗೆ ಹಾಸಿದ ಒಣ ತೆಂಗಿನ ನಾರಿನ ಪುಡಿಯೂ ಹೊತ್ತಿಕೊಳ್ಳುವ ವಸ್ತುವೇ. ಬರಿಯ ಕ್ಲಿಪ್ ನಂಬಿ ದೀಪ ಕಚ್ಚಿಸಬೇಡಿ, ಸರಪಳಿಯಲ್ಲಿ ತೂಗುಹಾಕಿ. ಕ್ಲಿಪ್ ಜಾರಿದರೂ ದೀಪ ಕೆಳಗೆ ಬೀಳಬಾರದು. ಆಮೆಯ ತೊಟ್ಟಿಯಾದರೆ ಕಾದ ಬಲ್ಬಿಗೆ ತಣ್ಣೀರು ಸಿಡಿದು ಗಾಜು ಒಡೆಯುತ್ತದೆ, ಅಲ್ಲಿ ದೀಪ ಇನ್ನೂ ಎತ್ತರದಲ್ಲಿರಲಿ.

ಬಿಸಿ ಅಳೆದು ದೀಪವನ್ನು ತಾನೇ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ದೀಪ ಹಚ್ಚಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳಕು ಕೊಡುವ ಬಲ್ಬಿಗೆ ನಿಧಾನವಾಗಿ ಮಂದ ಮಾಡುವ ಡಿಮ್ಮರ್ ಬಗೆಯದು, ಸೆರಾಮಿಕ್ಕಿಗೆ ಆನ್-ಆಫ್ ಬಗೆಯದು ಸಾಕು. ಆದರೆ ಅದರ ಸೆನ್ಸರ್ ವೈರನ್ನು ಗಟ್ಟಿಯಾಗಿ ಕಟ್ಟಿ. ಓತಿ ಎಳೆದಾಡಿ ಅದು ತಂಪು ಮೂಲೆಗೆ ಬಿದ್ದರೆ, ಇನ್ನೂ ಬಿಸಿ ಸಾಲದೆಂದು ಯಂತ್ರ ದೀಪವನ್ನು ಉರಿಸುತ್ತಲೇ ಇರುತ್ತದೆ. ಥರ್ಮೋಸ್ಟಾಟ್ ಕೈಕೊಟ್ಟು ದೀಪ ಪೂರ್ತಿ ಉರಿದರೂ ಜೀವಿ ಸಾಯದಷ್ಟು ಚಿಕ್ಕ ವ್ಯಾಟಿನದನ್ನೇ ಕೊಳ್ಳಿ. ಅಂಗಡಿಯವರು ದೊಡ್ಡದನ್ನೇ ಕೊಡಲು ನೋಡುತ್ತಾರೆ, ಒಪ್ಪಬೇಡಿ.

ಸರೀಸೃಪಗಳಿಗೆ ಸುಡುವುದು ನಮಗೆ ತಿಳಿದಷ್ಟು ಬೇಗ ತಿಳಿಯುವುದಿಲ್ಲ. ಚರ್ಮ ಸುಡುತ್ತಿದ್ದರೂ ಅಲ್ಲೇ ಕೂತಿರುತ್ತವೆ. ಬಾಲ್ ಪೈಥಾನ್ ಹಾವು ಬಲ್ಬಿಗೇ ಸುತ್ತಿಕೊಳ್ಳುವುದುಂಟು. ಪೆಟ್ಟಿಗೆಯೊಳಗೆ ದೀಪವಿದ್ದರೆ ತಂತಿಯ ಜಾಲರಿ ಕಡ್ಡಾಯ. ಗಾಯ ಕೆಲವೊಮ್ಮೆ ಕೆಲವು ದಿನಗಳಾದ ಮೇಲೇ ಎದ್ದು ಕಾಣುತ್ತದೆ. ಅರಿಸಿನ, ಟೂತ್‌ಪೇಸ್ಟ್ ಏನನ್ನೂ ಹಚ್ಚದೆ ಪಶುವೈದ್ಯರ ಬಳಿ ಒಯ್ಯಿರಿ. ಪಾಪ, ಅದಕ್ಕೆ ಕೂಗಿ ಹೇಳಲು ದನಿಯಿಲ್ಲ.

ಒಂದು ಮಾತು ಸೇರಿಸುತ್ತೇನೆ. ನಮ್ಮ ದೇಶದ ನಕ್ಷತ್ರ ಆಮೆಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಕೊಳ್ಳಬೇಡಿ. ಬಾಲ್ ಪೈಥಾನಿನಂಥ ವಿದೇಶಿ ಜೀವಿಗಳಿಗೆ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಬೇಕು.

ರಜೆಗೆ ಉಡುಪಿ, ಮಂಗಳೂರು, ಧಾರವಾಡದ ಕಡೆ ಹೊರಡುವ ಕಾಲ ಬಂದರೆ, ದೀಪವನ್ನು ಟೈಮರಿಗೆ ಒಪ್ಪಿಸಿ ಬೀಗ ಹಾಕಿ ಹೋಗಬೇಡಿ. ಪಕ್ಕದ ಮನೆಯ ಅಕ್ಕನಿಗೋ ಮಾವಶಿಗೋ ಬೀಗದಕೈ ಕೊಡುವಾಗ ಓತಿಯನ್ನು ತೋರಿಸಿದರೆ ಸಾಲದು, ಥರ್ಮಾಮೀಟರನ್ನು ತೋರಿಸಿ. ಎಷ್ಟು ದಾಟಿದರೆ ಆರಿಸಬೇಕು ಎಂಬ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಸ್ವಿಚ್ಚಿನ ಪಕ್ಕದಲ್ಲಿ ಅಂಟಿಸಿ. ಅವರಿಗೆ ಕನ್ನಡ ಬಾರದಿದ್ದರೆ ಮರಾಠಿಯಲ್ಲಿ ಬರೆಯಿರಿ. ನಮಸ್ಕಾರ.