ಆ ಸಿಟ್ಟು ಐದು ವರ್ಷ ಎಲ್ಲಿತ್ತು?

ಎಲ್ಲರಿಗೂ ನಮಸ್ಕಾರ.

ಫೋನ್ ಕದ್ದಾಲಿಕೆ ಅಂದ ಕೂಡಲೇ ಇಲ್ಲಿ ಕೂತಿರುವ ಹಿರಿಯರಿಗೆ 1988 ನೆನಪಾಗಿರುತ್ತದೆ, ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟ ವರ್ಷ. ಅಲ್ಲಿ ಆರೋಪ ಬಂದದ್ದು ಸರ್ಕಾರದ ಮೇಲೆ. ಇವತ್ತು ನಾನು ಹೇಳುವ ಕಥೆಯಲ್ಲಿ ಕದ್ದು ಕೇಳಿದ್ದು ಒಂದು ಪತ್ರಿಕೆ. ಬ್ರಿಟನ್ನಿನ ‘ನ್ಯೂಸ್ ಆಫ್ ದಿ ವರ್ಲ್ಡ್’. 1843ರಲ್ಲಿ ಶುರುವಾದ ಭಾನುವಾರದ ಪತ್ರಿಕೆ, ಕೊನೆಗೆ ರೂಪರ್ಟ್ ಮರ್ಡಾಕ್ ಅವರ ಕಂಪನಿಯ ಕೈಯಲ್ಲಿತ್ತು. ಮುಚ್ಚುವ ಹೊತ್ತಿಗೂ ವಾರಕ್ಕೆ ಸುಮಾರು 26 ಲಕ್ಷ ಪ್ರತಿ ಖರ್ಚಾಗುತ್ತಿತ್ತು. ಅಂದ್ರೆ ಜನ ದುಡ್ಡು ಕೊಟ್ಟು ಮನೆಗೆ ತರುತ್ತಿದ್ದ ಪತ್ರಿಕೆ ಇದು. ಈ ಮಾತು ಮನಸ್ಸಿನಲ್ಲಿರಲಿ.

ಹೇಗೆ ಕೇಳುತ್ತಿದ್ದರು ಅನ್ನೋದನ್ನು ಮೊದಲು ಹೇಳುತ್ತೇನೆ. ನಮ್ಮ ಜನ ವಾಯ್ಸ್‌ಮೇಲ್ ಜಾಸ್ತಿ ಬಳಸಲೇ ಇಲ್ಲ, ನಮಗೆ ಮಿಸ್ಡ್ ಕಾಲ್ ಸಾಕಾಗಿತ್ತು. ಅಲ್ಲಿ ಹಾಗಲ್ಲ. ನೀವು ಫೋನ್ ಎತ್ತದಿದ್ದರೆ ಆ ಕಡೆಯವರು ಹೇಳಬೇಕಾದ್ದನ್ನು ರೆಕಾರ್ಡ್ ಮಾಡಿ ಇಟ್ಟಿರುತ್ತಾರೆ. ಬೇರೆ ಫೋನಿನಿಂದಲೂ ಪಿನ್ ಒತ್ತಿ ಅದನ್ನು ಕೇಳಬಹುದಿತ್ತು. ಎಷ್ಟೋ ಜನ ಆ ಪಿನ್ ಬದಲಾಯಿಸುತ್ತಲೇ ಇರಲಿಲ್ಲ, ಫೋನ್ ಕಂಪನಿ ಕೊಟ್ಟದ್ದೇ ಇರುತ್ತಿತ್ತು. ಅಷ್ಟು ಸಾಕಲ್ಲ. ಒಂದೇ ನಂಬರಿಗೆ ಎರಡು ಫೋನಿನಿಂದ ಒಟ್ಟಿಗೆ ಕರೆ ಮಾಡುವುದು, ಒಂದರಿಂದ ಲೈನ್ ಬ್ಯುಸಿ ಆದರೆ ಇನ್ನೊಂದು ಸೀದಾ ವಾಯ್ಸ್‌ಮೇಲ್‌ಗೆ ಹೋಗುತ್ತದೆ. ಪಿನ್ ಬದಲಾಗಿದ್ದರೆ ಫೋನ್ ಕಂಪನಿಗೇ ಕರೆ ಮಾಡಿ, ಏನೋ ಸುಳ್ಳು ಹೇಳಿ, ಅದನ್ನು ಮತ್ತೆ ಹಳೆಯದಕ್ಕೆ ತರಿಸುವುದು. ಹ್ಯಾಕಿಂಗ್ ಅಂದರೆ ಏನೋ ದೊಡ್ಡ ತಂತ್ರಜ್ಞಾನ ಅಂದುಕೊಳ್ಳುತ್ತೇವೆ ಅಲ್ವಾ, ಇದು ಪಕ್ಕದ ಮನೆಯ ಬಾಗಿಲಿಗೆ ಕಿವಿ ಕೊಟ್ಟು ನಿಂತ ಹಾಗೆ.

2005ರ ನವೆಂಬರ್‌ನಲ್ಲಿ ರಾಜಕುಮಾರ ವಿಲಿಯಂ ಅವರ ಮಂಡಿನೋವಿನ ಸುದ್ದಿ ಈ ಪತ್ರಿಕೆಯಲ್ಲಿ ಬಂತು. ಬೆರಳೆಣಿಕೆಯಷ್ಟು ಜನರಿಗೆ ಗೊತ್ತಿದ್ದ ವಿಷಯ. ಅರಮನೆಗೆ ಅನುಮಾನ ಬಂತು, ಪೊಲೀಸರಿಗೆ ದೂರು ಹೋಯಿತು. 2006ರ ಆಗಸ್ಟ್‌ನಲ್ಲಿ ಅರಮನೆ ಸುದ್ದಿ ಬರೆಯುತ್ತಿದ್ದ ವರದಿಗಾರ ಮತ್ತು ಪತ್ರಿಕೆಯಿಂದ ಸಂಬಳ ಪಡೆಯುತ್ತಿದ್ದ ಖಾಸಗಿ ಪತ್ತೇದಾರ ಗ್ಲೆನ್ ಮಲ್ಕೇರ್ ಸಿಕ್ಕಿಬಿದ್ದರು. 2007ರ ಜನವರಿಯಲ್ಲಿ ಇಬ್ಬರಿಗೂ ಜೈಲು. ಸಂಪಾದಕ ಆಂಡಿ ಕೌಲ್ಸನ್ ರಾಜೀನಾಮೆ ಕೊಟ್ಟರು, ತನಗೇನೂ ಗೊತ್ತಿರಲಿಲ್ಲ ಅಂದರು. ದಾರಿ ತಪ್ಪಿದ ಒಬ್ಬ ವರದಿಗಾರನ ಕೆಲಸ ಅಂತ ಕಂಪನಿ ಕೈತೊಳೆದುಕೊಂಡಿತು.

ಜನ? ಜನ ಸುಮ್ನಿದ್ದರು. ದೊಡ್ಡವರ ಮನೆಯ ಸುದ್ದಿ, ದೊಡ್ಡವರ ತಾಪತ್ರಯ. ಸಿನಿಮಾದವರು, ಆಟಗಾರರು, ರಾಜಮನೆತನದವರು ಪ್ರಚಾರ ಬೇಕು ಅಂದಮೇಲೆ ಇದೂ ಇರಲಿ ಅನ್ನುವ ಭಾವ. ಇದು ನಮಗೆ ಹೊಸದೇನಲ್ಲ. ನಟಿಯೊಬ್ಬಳ ಮನೆ ಜಗಳ ಟಿವಿಯಲ್ಲಿ ಬಂದಾಗ ನಾವೂ ಚಾನೆಲ್ ಬದಲಿಸದೆ ನೋಡಿದ್ದೇವೆ, ನಾನೂ ನೋಡಿದ್ದೇನೆ. ಅದಕ್ಕೇ ಈ ಕಥೆ ನನ್ನನ್ನು ಬಿಡುತ್ತಿಲ್ಲ.

ಈಗ ಒಂದು ವಿಷಯ ಗಮನಿಸಿ. 2006ರಲ್ಲೇ ಮಲ್ಕೇರ್ ಮನೆಯಿಂದ ಪೊಲೀಸರು ಸುಮಾರು 11,000 ಪುಟ ಟಿಪ್ಪಣಿ ಹೊತ್ತು ತಂದಿದ್ದರು. ಕೈಬರಹದ ಹಾಳೆಗಳು. ಹೆಸರು, ಫೋನ್ ನಂಬರ್, ಪಿನ್. ಎಷ್ಟೋ ಹಾಳೆಗಳ ಎಡಮೂಲೆಯಲ್ಲಿ ಇನ್ನೊಂದು ಚಿಕ್ಕ ಹೆಸರು ಬರೆದಿತ್ತು, ಆ ಕೆಲಸ ಹೇಳಿದವರು ಯಾರು ಅಂತ. ಒಬ್ಬನೇ ವರದಿಗಾರ ಅನ್ನುವ ಮಾತು ಸುಳ್ಳು ಅನ್ನೋದಕ್ಕೆ ಆ ಮೂಲೆಗಳನ್ನು ಓದಿದ್ದರೆ ಸಾಕಿತ್ತು. ಅವು ಪ್ಲಾಸ್ಟಿಕ್ ಚೀಲಗಳಲ್ಲಿ ಪೊಲೀಸರ ಬಳಿಯೇ ಬಿದ್ದಿದ್ದವು. 2009ರ ಜುಲೈನಲ್ಲಿ ‘ಗಾರ್ಡಿಯನ್’ ಪತ್ರಿಕೆಯ ನಿಕ್ ಡೇವಿಸ್ ಇದು ತುಂಬಾ ದೊಡ್ಡ ಪ್ರಕರಣ ಅಂತ ಬರೆದರು. ಹಿರಿಯ ಪೊಲೀಸ್ ಅಧಿಕಾರಿ ಜಾನ್ ಯೇಟ್ಸ್ ಒಂದೇ ದಿನದಲ್ಲಿ ನೋಡಿ, ಹೊಸ ತನಿಖೆ ಬೇಕಿಲ್ಲ ಅಂದುಬಿಟ್ಟರು. ಆಗಲೂ ಬೀದಿಯಲ್ಲಿ ಯಾರೂ ಕೇಳಲಿಲ್ಲ. ಮರುವರ್ಷ ಕೌಲ್ಸನ್ ಪ್ರಧಾನಿ ಕ್ಯಾಮರನ್ ಜೊತೆ ಡೌನಿಂಗ್ ಸ್ಟ್ರೀಟಿಗೇ, ಅಂದರೆ ಪ್ರಧಾನಿ ಕಚೇರಿಗೇ, ಕೆಲಸಕ್ಕೆ ಹೋದರು.

ಆಮೇಲೆ 2011ರ ಜುಲೈ 4 ಬಂತು.

ಮಿಲ್ಲಿ ಡೌಲರ್ ಅಂತ 13 ವರ್ಷದ ಹುಡುಗಿ. 2002ರ ಮಾರ್ಚ್‌ನಲ್ಲಿ ಶಾಲೆಯಿಂದ ಮನೆಗೆ ಬರುವಾಗ ಕಾಣೆಯಾದಳು, ತಿಂಗಳುಗಳ ನಂತರ ಶವ ಸಿಕ್ಕಿತು. ಅವಳು ಕಾಣೆಯಾಗಿದ್ದಾಗ ಅವಳ ವಾಯ್ಸ್‌ಮೇಲ್ ಅನ್ನೂ ಈ ಪತ್ರಿಕೆಯವರು ಕೇಳಿದ್ದರು ಅಂತ ಗಾರ್ಡಿಯನ್ ಬರೆಯಿತು. ಪತ್ರಿಕೆಗಳ ನಡವಳಿಕೆ ವಿಚಾರಿಸಲು ಸರ್ಕಾರ ನೇಮಿಸಿದ ಲೆವೆಸನ್ ಆಯೋಗದ ಎದುರು ಅವಳ ತಾಯಿ ಮುಂದೆ ಹೇಳಿದ ಮಾತು ಕೇಳಿ. ಆಕೆ ಮಗಳ ನಂಬರಿಗೆ ಮತ್ತೆ ಮತ್ತೆ ಕರೆ ಮಾಡುತ್ತಿದ್ದರಂತೆ. ಇನ್‌ಬಾಕ್ಸ್ ತುಂಬಿ ಹೋಗಿತ್ತು, ಹಾಗಾಗಿ ಮಗಳ ದನಿ ಬರುತ್ತಿರಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಮಗಳ ದನಿ ಕೇಳಿಸಿತು, ಸಂದೇಶ ಬಿಡಿ ಅನ್ನುವ ಆ ರೆಕಾರ್ಡಿಂಗ್. ಅವಳು ಮೆಸೇಜ್ ಕೇಳಿಸಿಕೊಂಡಿದ್ದಾಳೆ, ಬದುಕಿದ್ದಾಳೆ ಅಂತ ಆ ತಾಯಿ ಗಂಡನಿಗೆ ಕೂಗಿ ಹೇಳಿದರು. ಇನ್ನೊಂದೂ ಇದೆ. ಕೆಲವು ವಾರಗಳ ನಂತರ ಗಂಡ ಹೆಂಡತಿ ಇಬ್ಬರೇ, ಯಾರಿಗೂ ಹೇಳದೆ, ಮಗಳು ಕೊನೆಯ ಬಾರಿ ನಡೆದ ದಾರಿಯಲ್ಲಿ ನಡೆದು ಬಂದರು. ಅದರ ಫೋಟೋ ಅದೇ ಪತ್ರಿಕೆಯಲ್ಲಿ ಅಚ್ಚಾಯಿತು.

ಅಲ್ಲಿಂದ ಊರಿಗೆ ಊರೇ ಎದ್ದಿತು. ಪತ್ರಿಕೆಗೆ ಪತ್ರ ಬರೆಯುತ್ತಾ ಕೂರಲಿಲ್ಲ ಜನ, ಅದರಲ್ಲಿ ಜಾಹೀರಾತು ಕೊಡುವ ಕಂಪನಿಗಳನ್ನು ಹಿಡಿದುಕೊಂಡರು. ಟ್ವಿಟರ್‌ನಲ್ಲಿ, ಇಮೇಲ್‌ನಲ್ಲಿ, ನೀವು ಇನ್ನೂ ಇವರಿಗೆ ದುಡ್ಡು ಕೊಡುತ್ತೀರಾ ಅಂತ ಒಂದೇ ಪ್ರಶ್ನೆ. ಮರುದಿನವೇ ಫೋರ್ಡ್ ಹಿಂದೆ ಸರಿಯಿತು, ಅದರ ಹಿಂದೆ ಒಂದೊಂದಾಗಿ ಉಳಿದವರು. ಸತ್ತ ಸೈನಿಕರ ಮನೆಯವರ ಫೋನೂ ಕೇಳಿದ್ದಾರೆ ಅನ್ನುವ ಸುದ್ದಿ ಬಂದಾಗ ಮಾಜಿ ಸೈನಿಕರ ಸಂಸ್ಥೆ ರಾಯಲ್ ಬ್ರಿಟಿಷ್ ಲೀಜನ್ ಕೂಡ ಸಂಬಂಧ ಕಡಿದುಕೊಂಡಿತು. ಮೂರೇ ದಿನ. ಜುಲೈ 7ಕ್ಕೆ ಪತ್ರಿಕೆ ಮುಚ್ಚುತ್ತೇವೆ ಅಂತ ಘೋಷಣೆ, 10ಕ್ಕೆ ಕೊನೆಯ ಸಂಚಿಕೆ. ನಮ್ಮಲ್ಲಿ ಟ್ಯಾಬ್ಲಾಯ್ಡ್ ಅಂದರೆ ‘ಲಂಕೇಶ್ ಪತ್ರಿಕೆ’ ನೆನಪಾಗುತ್ತದೆ, ಅದು ಜಾಹೀರಾತೇ ಇಲ್ಲದೆ ನಡೆಯಿತು, ಓದುಗ ಕೊಂಡರೆ ಉಂಟು ಇಲ್ಲದಿದ್ದರೆ ಇಲ್ಲ. ಬ್ರಿಟನ್ನಿನಲ್ಲಿ ಹಾಗಾಗಲಿಲ್ಲ. ಜಾಹೀರಾತಿನವರು ಬಿಟ್ಟುಹೋದರು, ಓದುಗರು ಹೋಗಲಿಲ್ಲ. ಆ ಕೊನೆಯ ಸಂಚಿಕೆ 38 ಲಕ್ಷದಷ್ಟು ಮಾರಾಟವಾಯಿತು. ಮುಂದಿನ ಫೆಬ್ರವರಿಯಲ್ಲಿ ಅದೇ ಕಂಪನಿ ‘ಸನ್’ ಪತ್ರಿಕೆಯ ಭಾನುವಾರದ ಸಂಚಿಕೆ ತಂದಾಗ ಮೊದಲ ವಾರವೇ 30 ಲಕ್ಷ ದಾಟಿತು.

ಒಂದು ಮಾತು ಮುಚ್ಚಿಡಬಾರದು. ಪತ್ರಕರ್ತರೇ ಸಂದೇಶಗಳನ್ನು ಅಳಿಸಿ ತಾಯಿಗೆ ಸುಳ್ಳು ಆಸೆ ಹುಟ್ಟಿಸಿದರು ಅಂತ ಗಾರ್ಡಿಯನ್ ಮೊದಲು ಬರೆದಿತ್ತು. ಅವು ತಾವಾಗಿಯೇ ಅಳಿಸಿ ಹೋಗಿದ್ದಿರಬಹುದು ಅಂತ ಪೊಲೀಸರು ಆಮೇಲೆ ಹೇಳಿದರು, ಅದೇ ಡಿಸೆಂಬರ್‌ನಲ್ಲಿ ಪತ್ರಿಕೆ ತಿದ್ದುಪಡಿ ಹಾಕಿತು. ಕದ್ದು ಕೇಳಿದ್ದಂತೂ ನಿಜ. ಆದರೆ ಜನರ ಕರುಳಿಗೆ ಜಾಸ್ತಿ ತಾಗಿದ್ದು ಆ ಅಳಿಸಿದ ಸಂಗತಿಯೇ. ಮಗುವಿನ ಹೆಸರು ಬರುವ ತನಕ ಇದು ತಪ್ಪು ಅಂತ ನಮಗೆ ಅನ್ನಿಸುವುದೇ ಇಲ್ಲ ಅಂದರೆ ಹೇಗೆ? ಮಂಡಿನೋವಿನ ರಾಜಕುಮಾರನ ಫೋನ್ ಕೇಳಿದ್ದೂ ಅದೇ ಕೈ, ಅದೇ ರೀತಿ. ಆಗಲೇ ಸಿಟ್ಟು ಬಂದಿದ್ದರೆ ಆ ಪ್ಲಾಸ್ಟಿಕ್ ಚೀಲಗಳನ್ನು ಆಗಲೇ ಬಿಚ್ಚಬೇಕಾಗುತ್ತಿತ್ತು.

ಮುಂದಿನದು ಬೇಗ ಹೇಳುತ್ತೇನೆ. ಮರ್ಡಾಕ್ ಬ್ರಿಟನ್ನಿನ ಟಿವಿ ಕಂಪನಿ ಬಿಸ್ಕೈಬಿಯನ್ನು ಪೂರ್ತಿಯಾಗಿ ಕೊಳ್ಳುವ ಯೋಜನೆ ಕೈಬಿಟ್ಟರು. ಲಂಡನ್ ಪೊಲೀಸ್ ಮುಖ್ಯಸ್ಥರು, ಅವರ ಹಿಂದೆ ಯೇಟ್ಸ್, ಹುದ್ದೆ ಬಿಟ್ಟರು. 2014ರಲ್ಲಿ ಕೌಲ್ಸನ್‌ಗೆ 18 ತಿಂಗಳ ಶಿಕ್ಷೆಯಾಯಿತು. ಅವರಿಗೂ ಹಿಂದೆ ಸಂಪಾದಕಿಯಾಗಿದ್ದ ರೆಬೆಕಾ ಬ್ರೂಕ್ಸ್ ನಿರ್ದೋಷಿ ಅಂತ ತೀರ್ಪು ಬಂತು. ಲೆವೆಸನ್ ಅವರ ವರದಿ 2012ರ ನವೆಂಬರ್‌ನಲ್ಲಿ ಹೊರಬಂತು, 2,000 ಪುಟದಷ್ಟು. ಅದು ಮೊದಲ ಭಾಗ ಮಾತ್ರ. ಯಾರು ಯಾವಾಗ ಏನು ಮಾಡಿದರು, ಪೊಲೀಸರು ಯಾಕೆ ಸುಮ್ನಿದ್ದರು ಅನ್ನುವ ಪ್ರಶ್ನೆಗಳನ್ನು ಎರಡನೇ ಭಾಗಕ್ಕೆ ಇಟ್ಟಿದ್ದರು, ಮೊಕದ್ದಮೆಗಳು ಮುಗಿದ ಮೇಲೆ ನಡೆಸೋಣ ಅಂತ.

2018ರ ಮಾರ್ಚ್‌ನಲ್ಲಿ ಸರ್ಕಾರ ಎರಡನೇ ಭಾಗ ಬೇಡ ಅಂದಿತು. 2011ರಲ್ಲಿ ಕಂಡ ಆ ಗದ್ದಲದ ಕಾಲು ಭಾಗವೂ ಆಗ ಕಾಣಲಿಲ್ಲ. ಕೆಲವು ಸಂಸದರು ಹಟ ಹಿಡಿದು ಮೇ ತಿಂಗಳಲ್ಲಿ ಅದನ್ನು ಸಂಸತ್ತಿನಲ್ಲಿ ಮತಕ್ಕೆ ಹಾಕಿಸಿದರು. ಬೇಕು ಅಂದವರು 295. ಬೇಡ ಅಂದವರು 304.